ಕೆಂಚನಿಗೆ ಹಾಕಿದ ಪಕ್ಕೆಮೂಳೆ

ನಾಯಿಗೆ ಮೂಳೆ ಹಾಕಬಹುದೇ ಎಂದು ಕೇಳಿ ಹಾಕುವವರು ಕಡಿಮೆ, ಕೇಳದೆ ಹಾಕುವವರೇ ಹೆಚ್ಚು. ನಾನು ಈಗಿರುವ ರಾಮನಗರದ ಬಡಾವಣೆಯಲ್ಲಿ ಭಾನುವಾರ ಮಧ್ಯಾಹ್ನವಾದರೆ ಸಾಕು, ಒಂದೊಂದು ಗೇಟಿನಿಂದಲೂ ಒಂದೊಂದು ಕವರು ಹೊರಬರುತ್ತದೆ. ಕೋಳಿ ಕಾಲು, ಕುರಿಯ ಪಕ್ಕೆ, ಬಿರಿಯಾನಿಯಲ್ಲಿ ಉಳಿದ ಚೂರುಪಾರು, ಎಲ್ಲವೂ ಬೀದಿ ನಾಯಿಗಳ ಪಾಲು. ಹಾಕುವವರ ಮುಖದಲ್ಲಿ ಪುಣ್ಯ ಕಟ್ಟಿಕೊಂಡ ಸಮಾಧಾನ. ನಾನು ನೋಡಿಕೊಂಡು ಸುಮ್ಮನಿರುವ ಪೈಕಿಯಲ್ಲ. ಬೇಯಿಸಿದ ಮೂಳೆ ಹಾಕಬೇಡಿ, ಅಷ್ಟು ಪ್ರೀತಿಯಿದ್ದರೆ ಒಂದು ಹಿಡಿ ಅನ್ನ ಹಾಕಿ ಎಂದು ಕಾಂಪೌಂಡಿನಾಚೆಯಿಂದಲೇ ಕೂಗುತ್ತೇನೆ. "ನಾಯಿ ಮೂಳೆ ತಿನ್ನದೆ ಇನ್ನೇನು ತಿನ್ನುತ್ತೆ ಆಂಟಿ" ಎಂದು ನಗುತ್ತಾರೆ. ನಗಲಿ. ಈ ಒಂದು ವಿಷಯದಲ್ಲಿ ನನಗೆ ಯಾರ ಒಪ್ಪಿಗೆಯೂ ಬೇಕಿಲ್ಲ. ಹತ್ತು ವರ್ಷದ ಹುಡುಗಿಯಾಗಿದ್ದಾಗಲೇ ಇದನ್ನು ಕಲಿತುಬಿಟ್ಟಿದ್ದೇನೆ. ನಾನು ಬಾಯಿ ಬಿಡಲು ಕಲಿತದ್ದೂ ಆವಾಗಲೇ.

ನಮ್ಮ ಹಳ್ಳಿ ಮಾಗಡಿಗೂ ಸಾವನದುರ್ಗಕ್ಕೂ ನಡುವೆ. ಮನೆ ದೊಡ್ಡದೇನಲ್ಲ. ಮುಂದೆ ಜಗುಲಿ, ಒಳಗೆ ನಡುಮನೆ, ಅದರ ಒಂದು ಬದಿಗೆ ದನಗಳ ಕೊಟ್ಟಿಗೆ, ಇನ್ನೊಂದು ಬದಿಗೆ ಹಗಲಲ್ಲೂ ದೀಪ ಬೇಕಾಗುವ ಅಡುಗೆಮನೆ. ಹಿತ್ತಲ ಬಾಗಿಲು ತೆಗೆದರೆ ಎದುರಿಗೇ ದುರ್ಗದ ಬಂಡೆ. ಅಡುಗೆಮನೆ ಅವ್ವನದು. ಆದರೆ ದೇವರ ಗೂಡು ಅಲ್ಲೇ ಇದ್ದುದರಿಂದ ಬಾಡು, ಅಂದರೆ ಮಾಂಸದಡುಗೆ, ಒಳಗೆ ಬರುವಂತಿರಲಿಲ್ಲ. ಅದಕ್ಕೆಂದೇ ಹಿತ್ತಲಿನ ಸೀಬೆಮರದ ಕೆಳಗೆ ಮೂರು ಕಲ್ಲಿನ ಒಲೆಯಿತ್ತು, ಬೇರೆ ಮಡಕೆಯಿತ್ತು, ಬೇರೆ ಸೌಟಿತ್ತು. ಅಲ್ಲಿ ಅಪ್ಪನ ತಾಯಿಯದೇ, ಅಂದರೆ ಅಜ್ಜಿಯದೇ, ಆಡಳಿತ. ಮಸಾಲೆ ಅರೆದ ವಾಸನೆ ಬಂದದ್ದೇ ತಡ, ನಮ್ಮ ಕೆಂಚ ಎಲ್ಲಿದ್ದರೂ ಬಂದು ಸೀಬೆಮರದ ಬುಡದಲ್ಲಿ ಮುಂಗಾಲು ಜೋಡಿಸಿ ಕೂರುತ್ತಿದ್ದ. ಕೆಂಚ ಎಂದರೆ ಕೆಂಪು ಮಣ್ಣಿನ ಬಣ್ಣದ ಊರ ನಾಯಿ. ನಾನು ಐದು ವರ್ಷದವಳಿದ್ದಾಗ ಮರಿಯಾಗಿ ಬಂದದ್ದು, ನನ್ನ ಜೊತೆಯಲ್ಲೇ ಬೆಳೆದದ್ದು. ಎಲ್ಲರ ಊಟ ಮುಗಿದ ಮೇಲೆ ಅಜ್ಜಿ ಒಂದು ಹಳೆಯ ತಗಡಿನ ಬೋಗುಣಿ ಹಿಡಿದು ತಟ್ಟೆಯಿಂದ ತಟ್ಟೆಗೆ ಹೋಗಿ ಮೂಳೆ ಎತ್ತುತ್ತಿದ್ದಳು. ಸರಿಯಾಗಿ ಚೀಪದೆ ಬಿಟ್ಟ ಮೂಳೆ ಕಂಡರೆ ನನ್ನನ್ನು ಬೈದು, ಅದನ್ನೇ ಕೆಂಚನಿಗೆ ಮೊದಲು ಹಾಕುತ್ತಿದ್ದಳು. ಅವಳ ಮುಂಭಾಗದ ಹಲ್ಲು ಬಿದ್ದುಹೋಗಿದ್ದವು. ಕೆಂಚ ಕಟಕಟನೆ ಕಡಿಯುವುದನ್ನು ನಿಂತು ನೋಡುವುದೇ ಅವಳಿಗೆ ಅರ್ಧ ಊಟ.

ಈ ಬೋಗುಣಿಯ ವಿಚಾರಕ್ಕೆ ಅಜ್ಜಿಗೂ ಅಪ್ಪನಿಗೂ ವರ್ಷದುದ್ದಕ್ಕೂ ಜಗಳ. ಅಪ್ಪನಿಗೆ ಕೋಳಿ ಸಾಕುವ ಹುಚ್ಚು. ಮೂಳೆಯ ರುಚಿ ಹತ್ತಿದ ನಾಯಿ ಇವತ್ತಲ್ಲ ನಾಳೆ ಕೋಳಿಗೂಡಿಗೆ ಬಾಯಿ ಹಾಕಿಯೇ ತೀರುತ್ತದೆ ಎಂಬುದು ಅವನ ವಾದ.

"ಬರೀ ಮುದ್ದೆ ತಿನ್ನೋ ನಾಯಿ ಯಾವೂರಲ್ಲಾರ ನೋಡಿದ್ದೀಯೇನ್ಲಾ?" ಎಂದು ಅಜ್ಜಿ ಕೇಳುತ್ತಿದ್ದಳು. "ಮೂಳೆ ಕಡೀದಿದ್ರೆ ಹಲ್ಲಿಗೆ ಬಲ ಎಲ್ಲಿಂದ ಬಂದಾತು? ಇನ್ನೊಬ್ರ ಮನೆ ಬಾಗಿಲಿಗೆ ಹೋಗ್ ನಿಂತ್ಕತದೆ ಅಷ್ಟೆಯ."

"ನಿಂತ್ಕಳ್ಲಿ ಬುಡವ್ವ. ನನ್ ಕೋಳಿ ಉಳೀತಾವೆ."

ಜಗಳ ಅಲ್ಲಿಗೆ ನಿಲ್ಲುತ್ತಿತ್ತು, ಏಕೆಂದರೆ ಅಪ್ಪ ಬಾಯಿ ಮುಚ್ಚಿಕೊಳ್ಳುತ್ತಿದ್ದ. ಅಪ್ಪನ ಬಗ್ಗೆ ಇದೊಂದನ್ನು ಹೇಳಲೇಬೇಕು. ಅವನು ಹೆಂಡತಿ ಮಕ್ಕಳ ಮೇಲೆ ಕೈ ಮಾಡಿದವನಲ್ಲ. ಊರಲ್ಲಿ ದಿನ ಬೆಳಗಾದರೆ ಒಂದಲ್ಲ ಒಂದು ಮನೆಯಿಂದ ಏಟಿನ ಸದ್ದು ಕೇಳಿಸುತ್ತಿದ್ದ ಕಾಲದಲ್ಲಿ ಅದು ಸಣ್ಣ ಮಾತಲ್ಲ, ಅವನಿಗೂ ಆ ಬಗ್ಗೆ ಹೆಮ್ಮೆಯಿತ್ತು. ಆದರೆ ಕೋಪ ಬಂದರೆ ಮಾತು ಬಿಡುತ್ತಿದ್ದ. ಒಂದು ಸಲ ಅವ್ವ ತನಗೆ ಹೇಳದೆ ತವರಿಗೆ ಹೋದಳೆಂದು ಒಂದು ತಿಂಗಳು ಅವಳೊಡನೆ ಮಾತಾಡಲಿಲ್ಲ. ಉಪ್ಪು ಬೇಕಾದರೆ ನನ್ನ ಕಡೆ ತಿರುಗಿ "ಉಪ್ಪು ಕೇಳು" ಎನ್ನುತ್ತಿದ್ದ, ಅವ್ವ ಪಕ್ಕದಲ್ಲೇ ಕೂತಿರುತ್ತಿದ್ದಳು. ಆ ತಿಂಗಳೆಲ್ಲ ಅವ್ವ ಸಣ್ಣ ದನಿಯಲ್ಲಿ ಮಾತಾಡುತ್ತಾ, ಪಾತ್ರೆ ಸದ್ದಾಗದಂತೆ ಇಡುತ್ತಾ ಮನೆಯೊಳಗೆ ಓಡಾಡಿದ್ದು ನನಗೆ ಇವತ್ತಿಗೂ ಮರೆತಿಲ್ಲ. ಬೇರೆ ಮಕ್ಕಳು ಅಪ್ಪನ ಕೋಲಿಗೆ ಹೆದರುತ್ತಿದ್ದರು. ನಾನು ಅಪ್ಪನ ಮೌನಕ್ಕೆ ಹೆದರುತ್ತಿದ್ದೆ.

ಆ ವರ್ಷ ಯುಗಾದಿಗೆ ಎಂಟು ದಿನವಿದ್ದಾಗ ಕಾವಿಗೆ ಕೂತಿದ್ದ ಒಂದು ಹೇಂಟೆ ಮಾಯವಾಯಿತು. ಹುಲ್ಲಿನ ಮೆದೆಯ ಹಿಂದೆ ಒಂದಿಷ್ಟು ಪುಕ್ಕ ಸಿಕ್ಕವು. ಮುಂಗುಸಿಯ ಕೆಲಸ ಎಂದು ಅಜ್ಜಿ ಹೇಳಿದಳು. ಅಪ್ಪ ಕೆಂಚನ ಮುಖ ನೋಡಿದ. ಯುಗಾದಿಯ ಮಾರನೇ ದಿನ ಹೊಸತೊಡಕು, ನಮ್ಮ ಸೀಮೆಯಲ್ಲಿ ಎಲ್ಲರ ಮನೆಯಲ್ಲೂ ಬಾಡೂಟ. ಅವತ್ತು ಬೆಳಿಗ್ಗೆ ಅಪ್ಪ ಮನೆಮಂದಿಗೆಲ್ಲ ಕೇಳುವಂತೆ ಹೇಳಿದ:

"ಇವತ್ತು ಕೆಂಚಂಗೆ ಒಂದು ಮೂಳೆನೂ ಬೀಳ್ಕೂಡ್ದು. ಇವತ್ತು ತಪ್ಪಿದ್ರೆ ವರ್ಷವೆಲ್ಲ ತಪ್ತದೆ."

ಹೊಸತೊಡಕಿನ ದಿನ ಏನು ನಡೆಯುತ್ತದೋ ಅದೇ ವರ್ಷವೆಲ್ಲ ನಡೆಯುತ್ತದೆ ಎನ್ನುವುದು ನಮ್ಮಲ್ಲಿ ಪ್ರಶ್ನೆ ಮಾಡದ ನಂಬಿಕೆ. ಅವತ್ತು ಅಳಬಾರದು, ಬೈಯಬಾರದು, ಮಕ್ಕಳಿಗೆ ಹೊಡೆಯಬಾರದು. ಹೊಟ್ಟೆ ತುಂಬ ತಿನ್ನಬೇಕು. ಅಪ್ಪ ಆ ನಂಬಿಕೆಯನ್ನೇ ಹಿಡಿದು ಕೆಂಚನ ಒಂದು ವರ್ಷದ ಮೂಳೆಯನ್ನು ಒಂದೇ ದಿನದಲ್ಲಿ ಕತ್ತರಿಸಲು ಹೊರಟಿದ್ದ. ಅಜ್ಜಿ ಬೈಯಲೆಂದು ಬಾಯಿ ತೆಗೆದವಳು ದಿನದ ನೆನಪಾಗಿ ಮುಚ್ಚಿಕೊಂಡಳು. ನನಗೆ ಮಾತ್ರ ಕಣ್ಣು ತುಂಬಿ ಬಂತು. ಅಳುವಂತೆಯೂ ಇಲ್ಲ.

ಹತ್ತು ಹನ್ನೆರಡು ಮನೆಯವರು ಸೇರಿ ಕುರಿ ಕೊಯ್ದು ಗುಡ್ಡೆ ಹಾಕುವುದು ನಮ್ಮ ಪದ್ಧತಿ. ಊರ ಮುಂದಿನ ಹುಣಸೆಮರದ ಕೆಳಗೆ ಬಾಳೆಲೆ ಹಾಸಿ ಮನೆಗೊಂದರಂತೆ ಮಾಂಸದ ಗುಡ್ಡೆ. ಪ್ರತಿ ಗುಡ್ಡೆಯಲ್ಲೂ ಒಸಿ ಈಲಿ, ಅಂದರೆ ಲಿವರು, ಒಸಿ ಕೊಬ್ಬು, ಒಸಿ ತೊಡೆ, ಒಸಿ ಪಕ್ಕೆ ಇರಲೇಬೇಕು, ಇಲ್ಲದಿದ್ದರೆ ಮುಂದಿನ ಹಬ್ಬದವರೆಗೂ ಮಾತು ಬರುತ್ತದೆ. ಹಾಗೆ ಸಮ ಮಾಡುವುದಕ್ಕೆಂದು ಪಕ್ಕೆಯನ್ನು ಮಚ್ಚಿನಿಂದ ಎರಡು ಬೆರಳುದ್ದದ ತುಂಡು ಮಾಡುತ್ತಿದ್ದರು. ನಮ್ಮ ಪಾಲಿನಲ್ಲಿ ಆ ಸಲ ಪಕ್ಕೆ ಜಾಸ್ತಿ ಬಂತು. ಊಟಕ್ಕೆ ಕೂತಾಗ ನನ್ನ ತಟ್ಟೆಗೂ ಮೂರು ತುಂಡು ಬಿದ್ದವು. ಎರಡನ್ನು ತಿಂದೆ. ಮೂರನೆಯದನ್ನು ಮಾಂಸ ಸಮೇತ ಲಂಗದ ನೆರಿಗೆಯಲ್ಲಿ ಸುತ್ತಿಕೊಂಡು, ಕೈ ತೊಳೆಯುವ ನೆಪದಲ್ಲಿ ಎದ್ದು ಮೆದೆಯ ಹಿಂದಕ್ಕೆ ಹೋಗಿ ಕೆಂಚನ ಮುಂದಿಟ್ಟೆ. ನನ್ನ ಲೆಕ್ಕಾಚಾರ ಸರಳವಾಗಿತ್ತು. ಇವತ್ತು ಒಂದೇ ಒಂದು ಮೂಳೆ ಬಿದ್ದರೂ ಸಾಕು, ಅಪ್ಪ ಏನೇ ಹೇಳಿದರೂ ಕೆಂಚನಿಗೆ ವರ್ಷವೆಲ್ಲ ಮೂಳೆ ಗಟ್ಟಿ.

"ಬೇಗ ತಿನ್ನು, ಬೇಗ ತಿನ್ನು" ಎಂದು ಅವಸರ ಮಾಡಿದವಳೂ ನಾನೇ. ನಿಧಾನವಾಗಿ ಕಾಲಲ್ಲಿ ಒತ್ತಿ ಹಿಡಿದು ಕಡಿಯುತ್ತಿದ್ದ ನಾಯಿ, ನನ್ನ ಗಾಬರಿ ನೋಡಿ ಅದೂ ಗಾಬರಿಯಾಗಿ ಒಂದೇ ಸಲಕ್ಕೆ ಬಾಯಿ ತುಂಬಿಕೊಂಡಿತು. ಕಟಕ್ ಎಂದು ಒಂದು ಸದ್ದು. ಆಮೇಲೆ ಕೆಂಚ ತಲೆ ಕೊಡವಿದ. ಮುಂಗಾಲಿನಿಂದ ಮೂತಿ ಕೆರೆದುಕೊಂಡ. ಮೂತಿಯನ್ನು ಹುಲ್ಲಿಗೆ ಉಜ್ಜಿದ. ಬಾಯಿ ತೆರೆದದ್ದು ತೆರೆದ ಹಾಗೇ ಇತ್ತು. ನಾನು ಬಗ್ಗಿ ನೋಡಿದೆ. ಮೂಳೆಯ ತುಂಡು ಅಂಗುಳಿಗೆ ಅಡ್ಡಲಾಗಿ, ಈ ಕಡೆಯ ದವಡೆಹಲ್ಲಿನಿಂದ ಆ ಕಡೆಯ ದವಡೆಹಲ್ಲಿಗೆ ಸೇರಿಕೊಂಡು, ಬೆಳ್ಳಗೆ ಕೂತಿತ್ತು. ಕೈ ಚಾಚಿದರೆ ಹಿಂದೆ ಸರಿದ. ಜೊಲ್ಲು ದಾರದಂತೆ ಇಳಿಯತೊಡಗಿತು.

ಆಗಲೇ ಹೋಗಿ ಹೇಳಬೇಕಿತ್ತು. ಹೇಳಲಿಲ್ಲ. ಒಳಗೆ ಹೋಗಿ ನಡುಮನೆಯ ಕಂಬಕ್ಕೆ ಒರಗಿ ಕೂತೆ. ಹೇಳಿದರೆ ಅಪ್ಪ ಬೈಯುವುದಿಲ್ಲ, ಹೊಡೆಯುವುದಿಲ್ಲ, ಮಾತು ಬಿಡುತ್ತಾನೆ. ಹೊಸತೊಡಕಿನ ದಿನ ಮಾತು ಬಿಟ್ಟರೆ ಅದು ಒಂದು ತಿಂಗಳಿಗೆ ಮುಗಿಯುವುದಲ್ಲ. ಒಂದು ಇಡೀ ವರ್ಷ ಅಪ್ಪ ನನ್ನ ಮುಖ ನೋಡದೆ ಓಡಾಡುವುದನ್ನು ಕಣ್ಣ ಮುಂದೆ ತಂದುಕೊಂಡೆ. ಮೂಳೆ ತಾನಾಗಿಯೇ ಬಿದ್ದುಹೋಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಗಂಡಸರು ಹುಣಸೆಮರದ ಕೆಳಗೆ ಇಸ್ಪೀಟಿಗೆ ಕೂತಿದ್ದರು. ಬಿಸಿಲು ಇಳಿಯುವವರೆಗೂ ನಾನು ಕಂಬ ಬಿಟ್ಟು ಏಳಲಿಲ್ಲ. ಇಷ್ಟು ವರ್ಷವಾದರೂ ಆ ಹೊತ್ತಿನ ಬಗ್ಗೆ ನನಗೆ ನಾಚಿಕೆಯಿದೆ.

ಬೀದಿಯಲ್ಲಿ ಗಲಾಟೆ ಕೇಳಿಸಿತು. ಮೂಲೆಮನೆಯ ಬೋರಣ್ಣ ದೊಣ್ಣೆ ಹಿಡಿದು ಅಪ್ಪನನ್ನು ಕೂಗುತ್ತಾ ಏದುಸಿರು ಬಿಡುತ್ತಾ ಬಂದ. ಹಿಂದಿನ ತಿಂಗಳಷ್ಟೇ ಎಲ್ಲಿಂದಲೋ ಬಂದ ಹುಚ್ಚುನಾಯಿ ಕಚ್ಚಿ ಅವನ ಕರು ಒದ್ದಾಡಿ ಸತ್ತಿತ್ತು.

"ತಿಮ್ಮಣ್ಣ, ನಿಮ್ ಕೆಂಚಂಗೆ ಹುಚ್ಚು ಹಿಡ್ದೈತೆ ಕಣಪ್ಪ. ಜೊಲ್ಲು ಸುರೀತೈತೆ, ಬಾಯಿ ಮುಚ್ಚಕ್ಕೇ ಆಯ್ತಿಲ್ಲ. ಮಕ್ಕಳು ಮರಿ ಓಡಾಡೋ ಬೀದಿ, ಸುಮ್ಕಿರೋದು ಸರಿಯಲ್ಲ."

ಅಪ್ಪ ಇಸ್ಪೀಟಿನ ಎಲೆ ಕೆಳಗಿಟ್ಟು ಎದ್ದು ಬಂದಿದ್ದ. ಅವನ ಹಿಂದೆ ನಾಲ್ಕೈದು ಜನ. ಕೆಂಚ ಓಡಿ ಬಂದು ನಮ್ಮ ಹಿತ್ತಲಿಗೇ ನುಗ್ಗಿ, ಮೆದೆಗೂ ಗೋಡೆಗೂ ನಡುವಿನ ಸಂದಿಯಲ್ಲಿ ನಿಂತುಬಿಟ್ಟಿದ್ದ. ಅಪ್ಪ ಒಂದು ಗಳಿಗೆ ನೋಡಿದ. ಕೋಳಿ ಕಳೆದುಕೊಂಡ ಸಿಟ್ಟು ಅವನ ಮುಖದಲ್ಲಿರಲಿಲ್ಲ.

"ನಮ್ಮನೆ ನಾಯಿ. ಬೇರೆಯವ್ರು ಕೈ ಮಾಡೋದು ಬ್ಯಾಡ, ನಾನೇ ಮುಗಿಸ್ತೀನಿ" ಎಂದು ಹಿತ್ತಲಲ್ಲಿ ನಿಲ್ಲಿಸಿದ್ದ ಎತ್ತಿನ ಗಾಡಿಯ ಗೂಟ ಕಿತ್ತುಕೊಂಡ.

ಅಪ್ಪನನ್ನು ನೋಡಿ ಕೆಂಚ ಬಾಲ ಆಡಿಸಿದ. ಅದನ್ನು ನೋಡಿದ ಮೇಲೆ ನನ್ನ ಕೈಲಿ ಆಗಲಿಲ್ಲ. ಓಡಿಹೋಗಿ ಅಪ್ಪನ ಮುಂದೆ ನಿಂತೆ.

"ಅಪ್ಪ, ಹುಚ್ಚಲ್ಲ. ಬಾಯಲ್ಲಿ ಮೂಳೆ ಸಿಕ್ಕಾಕಂಡೈತೆ."

"ಮೂಳೆ ಎಲ್ಲಿಂದ ಬಂತು?"

"ನಾನೇ ಹಾಕ್ದೆ."

ಬೋರಣ್ಣನೇ ಮೊದಲು ಬಾಯಿ ಬಿಟ್ಟ. "ಮಗೀಗೇನ್ ಗೊತ್ತಾದಾತು ತಿಮ್ಮಣ್ಣ. ನಾಯಿ ಮ್ಯಾಲಿನ ಆಸೆಗೆ ಹಿಂಗಂತದೆ. ನೀನು ಹತ್ರ ಹೋಗಿ ಕಚ್ಚಿಸ್ಕಂಡ್ರೆ ಆಮ್ಯಾಕೆ ಗತಿಯೇನು?"

ಅವನು ಹೇಳಿದ್ದು ತಪ್ಪಲ್ಲ. ನಾನು ಹೇಳಿದ್ದು ಸುಳ್ಳಾದರೆ ಅಪ್ಪ ಸಾಯುತ್ತಾನೆ ಎಂಬುದು ಹತ್ತು ವರ್ಷದ ನನಗೂ ಗೊತ್ತಿತ್ತು. ಆದರೆ ನಾನು ಕಣ್ಣಾರೆ ಕಂಡಿದ್ದೆ. ದೊಡ್ಡವರೆಲ್ಲ ಒಂದು ಕಡೆ ಇರುವಾಗ ನಾನೊಬ್ಬಳೇ ಇನ್ನೊಂದು ಕಡೆ ನಿಂತದ್ದು ಅದೇ ಮೊದಲು.

"ನಾನ್ ನೋಡಿದೀನಿ. ಮೇಲ್ಗಡೆ, ಹಲ್ಲಿಂದ ಹಲ್ಲಿಗೆ ಅಡ್ಡ ಕೂತೈತೆ. ಪಕ್ಕೆಮೂಳೆ."

ಅಪ್ಪ ನನ್ನ ಮುಖವನ್ನೇ ನೋಡಿದ. "ದಿಟವಾ?" ಎಂದ. "ದಿಟ" ಎಂದೆ. ಅವನು ಗೂಟ ಕೆಳಗೆ ಹಾಕಿ ಗೋಣಿಚೀಲ, ಹಗ್ಗ, ಇಕ್ಕಳ ತರಲು ಅವ್ವನಿಗೆ ಹೇಳಿದ.

ಗೋಣಿಯನ್ನು ಕೆಂಚನ ಮೈಮೇಲೆ ಹಾಕಿ ಒತ್ತಿ ಹಿಡಿದು, ಹಗ್ಗದಿಂದ ಗಾಡಿಯ ಚಕ್ರಕ್ಕೆ ಕಟ್ಟಿದರು. ಬಾಯಿ ತೆರೆದೇ ಇರಬೇಕಲ್ಲ, ಅದಕ್ಕೇನು ಮಾಡುವುದೆಂದು ನೋಡುತ್ತಿದ್ದಾಗ ಅಜ್ಜಿ ಅಡುಗೆಮನೆಯಿಂದ ಮುದ್ದೆ ತೊಳಸುವ ಕೋಲು ತಂದಳು. ಅವಳ ಅತ್ತೆಯ ಕಾಲದ ಕೋಲು, ಹಿಡಿದು ಹಿಡಿದು ನುಣ್ಣಗಾಗಿತ್ತು.

"ತಗಾ, ಇದ್ನ ಬಾಯಿಗೆ ಅಡ್ಡ ಕೊಡು. ಹಿಟ್ಟಿಗೆ ಬ್ಯಾರೆ ಕೆತ್ತಿಸ್ಕಂಡ್ರಾಯ್ತು."

ಬೋರಣ್ಣನೇ ಕೋಲು ಹಿಡಿದ. ಅಪ್ಪ ಇಕ್ಕಳ ಹಾಕಿದ. ಎರಡು ಸಲ ಜಾರಿತು. ಮೂರನೇ ಸಲ ಮೂಳೆಯ ಒಂದು ತುದಿ ಸಿಕ್ಕಿತು, ತಿರುಚಿದ, ಮೂಳೆ ಬಂತು. ಕೆಂಚ ಕೊಸರಿಕೊಂಡ ರಭಸಕ್ಕೆ ಅವನ ಕೋರೆಹಲ್ಲು ಅಪ್ಪನ ಹೆಬ್ಬೆರಳನ್ನು ಗೀರಿತು. ಬಿಟ್ಟ ಕೂಡಲೇ ಕೆಂಚ ದನದ ತೊಟ್ಟಿಗೆ ಬಾಯಿ ಹಾಕಿ ಒಂದೇ ಸಮನೆ ನೀರು ಕುಡಿದ. ಬೋರಣ್ಣ ಕೋಲನ್ನು ನನ್ನ ಕೈಗೆ ಕೊಟ್ಟು ಹೋದ. ಅಪ್ಪನ ಬೆರಳಿಗೆ ಅಜ್ಜಿ ಸುಣ್ಣ ಮೆತ್ತಲು ಬಂದಳು. ಅವ್ವ ಅವಳನ್ನು ಪಕ್ಕಕ್ಕೆ ಸರಿಸಿ, ಬಟ್ಟೆ ಸೋಪು ತಂದು, ರಕ್ತ ನಿಲ್ಲುವವರೆಗೂ ಉಜ್ಜಿ ತೊಳೆದಳು. ಅವ್ವ ಅಜ್ಜಿಯನ್ನು ಸರಿಸಿದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ಅಪ್ಪ ಅವತ್ತು ಮತ್ತೆ ಮಾತಾಡಲಿಲ್ಲ. ಮಾರನೇ ದಿನ ಬೆಳಿಗ್ಗೆಯೂ ಇಲ್ಲ. ಗಾಡಿ ಕಟ್ಟಿ, ಕೆಂಚನನ್ನು ಹುಲ್ಲಿನ ಮೇಲೆ ಮಲಗಿಸಿ ಕಟ್ಟಿ, ನನ್ನ ಕಡೆ ನೋಡಿ ಗದ್ದದಲ್ಲೇ ಹತ್ತು ಎಂದು ಸನ್ನೆ ಮಾಡಿದ. ನನ್ನ ವರ್ಷ ಶುರುವಾಯಿತು ಎಂದುಕೊಂಡು ಹತ್ತಿ ಕೂತೆ. ಮಾಗಡಿಯ ದನದ ಆಸ್ಪತ್ರೆಯ ಡಾಕ್ಟರು ಕೆಂಚನ ಅಂಗುಳಿನ ಗಾಯ ನೋಡಿ, ಅಪ್ಪನ ಬೆರಳು ನೋಡಿ, ಚೆನ್ನಾಗಿ ಬೈದರು.

"ಜೊಲ್ಲು ಸುರಿಸೋ ನಾಯಿ ಬಾಯಿಗೆ ಕೈ ಹಾಕ್ತಾರೇನ್ರೀ ಗೌಡ್ರೆ? ಮೂಳೆ ಸಿಕ್ಕಿಕೊಂಡ್ರೂ ಹಿಂಗೇ ಕಾಣುತ್ತೆ, ಹುಚ್ಚು ಹಿಡಿದ್ರೂ ಹಿಂಗೇ ಕಾಣುತ್ತೆ. ಮೊದಲು ಹೋಗಿ ಸೂಜಿ ಹಾಕಿಸ್ಕೊಳ್ಳಿ. ನಾಯಿನ ಹತ್ತು ದಿನ ಕಟ್ಟಿ ನೋಡಿ. ಇನ್ಮೇಲೆ ಬೇಯಿಸಿದ ಮೂಳೆ ಹಾಕಬೇಡಿ. ಬೆಂದ ಮೂಳೆ ಚೂರು ಚೂರಾಗಿ ಸೀಳುತ್ತೆ, ಗಂಟಲಿಗೆ ಚುಚ್ಚುತ್ತೆ, ಕರುಳು ತೂತು ಮಾಡುತ್ತೆ. ಕೋಳಿ ಮೂಳೆಯಂತೂ ಬೇಡವೇ ಬೇಡ. ಹಸಿ ಮೂಳೆ ಆದ್ರೂ ಹಲ್ಲು ಮುರಿಯುತ್ತೆ."

ಅಪ್ಪ ಕೇಳಿದ, "ಮೂಳೆ ತಿಂದ್ರೆ ಕೋಳಿ ಹಿಡಿಯೋದು ಕಲೀತದಲ್ವಾ ಸಾ?"

"ಅದಕ್ಕೂ ಇದಕ್ಕೂ ಏನು ಸಂಬಂಧ?" ಎಂದು ಡಾಕ್ಟರು ನಕ್ಕರು.

ಅಂತೂ ಅಜ್ಜಿ ಹೇಳಿದ್ದೂ ಸರಿಯಲ್ಲ, ಅಪ್ಪ ಹೇಳಿದ್ದೂ ಸರಿಯಲ್ಲ. ಅಷ್ಟು ವರ್ಷ ಇಬ್ಬರೂ ಕೂಗಾಡಿದ್ದರಲ್ಲಿ ನಿಜವಾದ ಅಪಾಯದ ಸುದ್ದಿಯೇ ಇರಲಿಲ್ಲ. ಕೆಂಚನಿಗೆ ಹುಚ್ಚು ಇರಲಿಲ್ಲ ಎನ್ನುವುದನ್ನು ಈಗಲೇ ಹೇಳಿಬಿಡುತ್ತೇನೆ. ಹತ್ತು ದಿನ ಕಟ್ಟಿದಲ್ಲೇ ಮುದ್ದೆ ತಿಂದು ಗಟ್ಟಿಯಾದ, ಆಮೇಲೆ ಬಹಳ ವರ್ಷ ಬದುಕಿದ. ಅಪ್ಪ ಹೊಕ್ಕಳ ಸುತ್ತ ಸೂಜಿ ಹಾಕಿಸಿಕೊಳ್ಳಲು ದಿನಾ ಬಸ್ಸಿನಲ್ಲಿ ಮಾಗಡಿಗೆ ಹೋಗಿ ಬಂದ. ಅಜ್ಜಿ ಮೂಳೆಗಳನ್ನು ಬೋಗುಣಿಯಲ್ಲೇ ಎತ್ತಿ ತೆಂಗಿನ ಬುಡಕ್ಕೆ ಹೂಳತೊಡಗಿದಳು, ಆದರೂ ಡಾಕ್ಟರಿಗೆ ನಾಯಿಗಳ ವಿಚಾರ ಅಷ್ಟಾಗಿ ತಿಳಿಯದು ಎಂದು ಕೊನೆಯವರೆಗೂ ಹೇಳುತ್ತಿದ್ದಳು.

ಅವತ್ತು ಮೊದಲ ಸೂಜಿ ಹಾಕಿಸಿಕೊಂಡು ಹೊಟ್ಟೆ ಹಿಡಿದುಕೊಂಡೇ ಅಪ್ಪ ಗಾಡಿ ಹತ್ತಿದ. ಮಾಗಡಿ ದಾಟಿ, ತೆಂಗಿನ ತೋಟಗಳು ಮುಗಿದು, ಬಯಲು ಹೊಲ ಬರುವವರೆಗೂ ಎತ್ತಿನ ಗೊರಸಿನ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಹಿಂದಕ್ಕೆ ತಿರುಗದೆಯೇ ಅಪ್ಪ ಕೇಳಿದ:

"ಅದು ಒದ್ದಾಡ್ತಿದ್ದುದು ಯಾವಾಗ್ಲಿಂದ?"

"ಊಟ ಆದಾಗ್ಲಿಂದ."

"ಅಷ್ಟೊತ್ತೂ ನಿಂಗೆ ಗೊತ್ತಿತ್ತು."

"ಗೊತ್ತಿತ್ತು."

"ಮತ್ಯಾಕೆ ಬಾಯ್ ಬುಡ್ಲಿಲ್ಲ? ನಾನು ಯಾವತ್ತಾರ ನಿನ್ನ ಹೊಡ್ದಿದ್ದೀನಾ?"

"ಇಲ್ಲ. ನೀನು ಮಾತು ಬುಟ್ಬುಡ್ತೀಯ." ಹೇಳಬಾರದು ಎಂದುಕೊಂಡಿದ್ದರೂ ಹಿಂದಿನ ದಿನ ತೆರೆದ ಬಾಯಿ ಮುಚ್ಚಲಿಲ್ಲ. "ನೀನು ಹೊಡಿಯೋನಾಗಿದ್ರೆ ಆಗ್ಲೇ ಬಂದು ಹೇಳ್ಬುಡ್ತಿದ್ದೆ."

ಅಪ್ಪ ಹಗ್ಗ ಎಳೆದು ಗಾಡಿ ನಿಲ್ಲಿಸಿದ. ಕೆಳಗಿಳಿದು ಎತ್ತುಗಳ ಮುಂದೆ ಹೋಗಿ, ಬಿಗಿಯಾಗಿಯೇ ಇದ್ದ ನೊಗದ ಹಗ್ಗವನ್ನು ಬಿಚ್ಚಿ ಮತ್ತೆ ಕಟ್ಟಿದ. ಬಹಳ ಹೊತ್ತು ಕಟ್ಟಿದ. ತಿರುಗಿ ಬಂದು ಹತ್ತಿದಾಗ ಅವನ ಕಣ್ಣು ಕೆಂಪಾಗಿದ್ದವು.

"ನಿನ್ನೆಯಿಂದ ಕ್ವಾಪಕ್ಕೆ ಸುಮ್ಕಿದ್ದಿಲ್ಲ ಕಣವ್ವ" ಎಂದ. "ಆ ಗೂಟ ನನ್ ಕೈಲಿತ್ತಲ್ಲ, ಅದ್ನೇ ನೆನಸ್ಕತಿದ್ದೆ."

ನಾನು ಪರವಾಗಿಲ್ಲ ಎನ್ನಲಿಲ್ಲ. ಮುಂದೆ ಸರಿದು ಅವನ ಪಕ್ಕದಲ್ಲಿ ಕೂತೆ.

ಅವತ್ತು ಸಂಜೆ ಅಪ್ಪ ಅಡುಗೆಮನೆಯ ಹೊಸ್ತಿಲ ಮೇಲೆ ಕೂತು ಅವ್ವನೊಂದಿಗೆ ಮಾತಿಗೆ ತೊಡಗಿದ. ಹೇಳುವಂಥದ್ದೇನೂ ಇರಲಿಲ್ಲ. ದಾರಿಯಲ್ಲಿ ಯಾರ ತೋಟಕ್ಕೆ ಬೇಲಿ ಹಾಕಿದ್ದಾರೆ, ಆಸ್ಪತ್ರೆಯಲ್ಲಿ ಎಷ್ಟು ಜನ ಇದ್ದರು, ಒಲೆಯ ಸೌದೆ ಹಸಿಯೋ ಒಣಗಿದೆಯೋ, ಹೀಗೆ ಒಂದು ಮಾತು ಮುಗಿದರೆ ತಡವರಿಸಿ ಇನ್ನೊಂದು ಹುಡುಕಿ ತೆಗೆದು, ದೀಪ ಹಚ್ಚುವವರೆಗೂ ಬಿಡದೆ ಮಾತಾಡಿದ. ಅವ್ವ ಮೊದಮೊದಲು ಹೂಂಗುಟ್ಟಿದಳು. ಆಮೇಲೆ ಸೌಟು ಕೆಳಗಿಟ್ಟು ಎದ್ದು ಬಂದು, ಚುಚ್ಚಿಸಿಕೊಂಡ ಸೂಜಿಗೆ ಜ್ವರ ಏರಿದೆಯೇನೋ ಎಂಬ ಗಾಬರಿಯಲ್ಲಿ ಅವನ ಹಣೆ ಮುಟ್ಟಿ ನೋಡಿದಳು.